ಸಿಂಚನಾಳ ರಿಪೋರ್ಟು ಓದಿದ ಚಳಿಗಾಲ

ಕೊಯ್ಲಿನ ಕಾಲಕ್ಕೆ ನಾನು ನಮ್ಮೂರು ದೇಶನೂರಿಗೆ ಹೋಗುವುದಿಲ್ಲ. ಯುಗಾದಿಗೆ ಹೋಗುತ್ತೇನೆ, ಶ್ರಾವಣದಲ್ಲಿ ಹೋಗುತ್ತೇನೆ. ಚಳಿಗಾಲ ಬಂತೆಂದರೆ ಮಾತ್ರ ಏನಾದರೊಂದು ನೆಪ ಹೇಳಿ ಬಳ್ಳಾರಿಯಲ್ಲೇ ಉಳಿದುಬಿಡುತ್ತೇನೆ. ಹೋದ ಡಿಸೆಂಬರಿನಲ್ಲಿ ಅಪ್ಪ ಬಚ್ಚಲಲ್ಲಿ ಜಾರಿಬಿದ್ದು ಕೈ ಮುರಿದುಕೊಂಡದ್ದರಿಂದ ಹೋಗಲೇಬೇಕಾಯಿತು. ಸಿರುಗುಪ್ಪದಲ್ಲಿ ಬಸ್ಸಿಳಿದು ಆಟೋ ಹತ್ತಿದೆ. ಪೇಟೆ ದಾಟಿದ ಮೇಲೆ ಎರಡೂ ಬದಿಗೆ ಆಗತಾನೆ ಕೊಯ್ದ ಭತ್ತದ ಗದ್ದೆಗಳು. ಹಸಿ ಹುಲ್ಲು, ಕೆಸರು, ಕೊಯ್ಲು ಮಷೀನಿನ ಡೀಸೆಲ್ ಹೊಗೆ ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಮೂಗು ಮುಚ್ಚಿಕೊಂಡು ಆಟೋ ನಿಲ್ಲಿಸಲು ಹೇಳಿದೆ.

"ಯಾಕ್ರಿ ಅಕ್ಕಾರ, ಆರಾಮಿಲ್ಲೇನು?" ಎಂದು ಆಟೋದವನು ಕೇಳಿದ.

"ಏನಿಲ್ಲಪ್ಪ, ಎರಡು ನಿಮಿಷ ನಿಲ್ಲು," ಎಂದು ಇಳಿದು ಕಾಲುವೆಯ ಏರಿಯ ಮೇಲೆ ನಿಂತೆ. ಅದೇ ವಾಸನೆಯ ನಡುವೆ, ನಾಲ್ಕು ವರ್ಷದ ಹಿಂದೆ, ನಾನು ಒಂದು ಮಗುವಿನ ಔಷಧಿಯನ್ನು ತಡೆಹಿಡಿದಿದ್ದೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಯಾರಿಗೂ ಹೇಳಿಲ್ಲ. ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಕೇಳಿಲ್ಲ ಕೂಡ.

ನಾವು ಇಬ್ಬರು ಹೆಣ್ಣುಮಕ್ಕಳು. ಅಕ್ಕ ಗಿರಿಜಾ, ನಾನು ನೀಲಾ. ಅವ್ವನ ತವರು ಕುರುಗೋಡು. ಅಲ್ಲಿ ಅಜ್ಜಿ ಇದ್ದಳು, ಅವ್ವನ ತಮ್ಮಂದಿರು ಇಬ್ಬರಿದ್ದರು. ಹಿರಿಯವನು ಪಂಪಾಪತಿ ಮಾವ, ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಘಟಕ ನಡೆಸುತ್ತಿದ್ದ. ಕಿರಿಯವನು ಎರ್ರಿಸ್ವಾಮಿ ಮಾವ, ಭತ್ತ ಕೊಯ್ಯುವ ಮಷೀನು ಓಡಿಸುತ್ತಿದ್ದ. ಅಕ್ಕನ ಮಗಳನ್ನು ಮನೆಗೆ ತಂದುಕೊಳ್ಳುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಅಜ್ಜಿ ಹಟ ಹಿಡಿದು ಗಿರಿಜಕ್ಕನನ್ನು ಪಂಪಾಪತಿ ಮಾವನಿಗೆ ತಂದುಕೊಂಡಳು. ಅಕ್ಕನಿಗೆ ತನ್ನ ಅಜ್ಜಿಯೇ ಅತ್ತೆಯಾದಳು. ಎರಡನೇ ವರ್ಷಕ್ಕೆ ಸಿಂಚನಾ ಹುಟ್ಟಿದಳು.

ಆರು ತಿಂಗಳು ತುಂಬುವ ಹೊತ್ತಿಗೆ ಆ ಮಗುವಿಗೆ ಜ್ವರ ಶುರುವಾಯಿತು. ಒಂದು ವಾರ ಬಂದು ಹೋಗುತ್ತಿತ್ತು, ಹದಿನೈದು ದಿನ ಬಿಟ್ಟು ಮತ್ತೆ ಬರುತ್ತಿತ್ತು. ಚಳಿ ಬಿದ್ದರೆ ಬೆರಳು, ಕಿವಿ, ಮೂಗಿನ ತುದಿ ನೇರಳೆ ಬಣ್ಣಕ್ಕೆ ತಿರುಗಿ ಗಂಟುಗಂಟಾಗಿ ಬಾತುಕೊಳ್ಳುತ್ತಿದ್ದವು. ರೆಪ್ಪೆಗಳು ಊದುತ್ತಿದ್ದವು. ಮೂರು ವರ್ಷ ದಾಟುವಷ್ಟರಲ್ಲಿ ಕೆನ್ನೆಯ ಕೊಬ್ಬು ಕರಗಿ ಮುಖ ಮುದುಕಿಯ ಮುಖದಂತಾಯಿತು. ಡಾಕ್ಟರೊಬ್ಬರು ಟೈಫಾಯಿಡ್ ಎಂದರು, ಮತ್ತೊಬ್ಬರು ಕ್ಷಯ ಎಂದರು. ಮೈಮೇಲಿನ ಗಂಟು ನೋಡಿ ಇನ್ನೊಬ್ಬರು ಕುಷ್ಠದ ಪರೀಕ್ಷೆ ಮಾಡಿಸಲು ಹೇಳಿದರು. ಅದು ಕುಷ್ಠವಲ್ಲ ಎಂದು ಫಲಿತಾಂಶ ಬಂದರೂ ಕುರುಗೋಡಿನಲ್ಲಿ ಅಕ್ಕನ ಓಣಿಗೆ ಪರೀಕ್ಷೆಯ ಸುದ್ದಿ ಮಾತ್ರ ಮುಟ್ಟಿತು, ಫಲಿತಾಂಶ ಮುಟ್ಟಲಿಲ್ಲ. ಸಿಂಚನಾ ಕಟ್ಟೆಯ ಮೇಲೆ ಬಂದು ಕೂತರೆ ತಾಯಂದಿರು ತಮ್ಮ ಮಕ್ಕಳನ್ನು ಹೆಸರು ಹಿಡಿದು ಒಳಗೆ ಕರೆಯುತ್ತಿದ್ದರು.

ಅಜ್ಜಿಗೆ ಎಲ್ಲದಕ್ಕೂ ಒಂದೇ ಉತ್ತರ. "ಈಕಿ ಹೊಟ್ಟೀನs ಸರಿಯಿಲ್ಲ," ಎನ್ನುತ್ತಿದ್ದಳು, ಅಕ್ಕ ಎದುರಿಗೆ ರೊಟ್ಟಿ ಬಡಿಯುತ್ತಿರುವಾಗಲೇ. ಅಕ್ಕ ತಟ್ಟೆಗೆ ರೊಟ್ಟಿ ಹಾಕಿ ಮುಂದಿನ ಮುದ್ದೆ ತೆಗೆದುಕೊಳ್ಳುತ್ತಿದ್ದಳು.

ನಾನು ಬಿ.ಎಸ್ಸಿ. ಮುಗಿಸಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿ ಬಳ್ಳಾರಿಯ ಒಂದು ಖಾಸಗಿ ಲ್ಯಾಬಿಗೆ ಸೇರಿದ್ದೆ. ಹೊರಗೆ ಕಳಿಸುವ ರಕ್ತದ ಸ್ಯಾಂಪಲ್ಲುಗಳ ಜವಾಬ್ದಾರಿ ನನ್ನದು. ಎಲ್ಲಾ ಕಡೆ ತೋರಿಸಿ ಸೋತ ಅಕ್ಕನನ್ನು ಮಕ್ಕಳ ಡಾಕ್ಟರು ನಸೀಮಾ ಮೇಡಂ ಹತ್ತಿರ ಕರೆದುಕೊಂಡು ಹೋದವಳು ನಾನೇ. ಅಲ್ಲಿಯವರೆಗೆ ನಾನು ಒಳ್ಳೆಯ ತಂಗಿಯೇ ಆಗಿದ್ದೆ, ಅದನ್ನೂ ಹೇಳಬೇಕು.

ನಸೀಮಾ ಮೇಡಂ ಸಿಂಚನಾಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದರು. ಅರ್ಧ ತಾಸು ನೋಡಿದರು. ಆಮೇಲೆ ಮಗು, ಅಕ್ಕ, ಪಂಪಾಪತಿ ಮಾವ ಮೂವರ ರಕ್ತವನ್ನೂ ತೆಗೆಸಿ ಬೆಂಗಳೂರಿಗೆ ಕಳಿಸಲು ನನಗೆ ಹೇಳಿದರು. ಅಕ್ಕ ಮಗುವಿಗೆ ಸ್ವೆಟರ್ ಹಾಕುತ್ತಿದ್ದಾಗ ನನ್ನನ್ನು ಒಳಗೆ ಕರೆದು ಕೂಡಿಸಿದರು.

"ನೀ ಲ್ಯಾಬಿನಾಕಿ, ನಿನಗ ತಿಳಿತೈತಿ, ಕೇಳು," ಎಂದರು. "ಕೋಶದೊಳಗ ಹಳೇ ಪ್ರೋಟೀನು, ಕೆಟ್ಟ ಪ್ರೋಟೀನು ಕತ್ತರಿಸಿ ಹಾಕೋ ಒಂದು ಯಂತ್ರ ಐತಿ. ಮೈಯಾಗ ಉರಿಯೂತ ಎದ್ದಾಗ, ರೋಗದ ಕೂಡ ಬಡಿದಾಡೋ ಕೋಶಗಳು ಆ ಯಂತ್ರಕ್ಕ ಬ್ಯಾರೆ ಅಲಗು ಹಾಕ್ಕೊಂತಾವ, ಇನ್ನೂ ಹರಿತಂದು. ಆ ಅಲಗು ಮಾಡೋ ಜೀನ್ ಕೆಟ್ಟಿತ್ತು ಅಂದ್ರ ಕಸ ಒಳಗ ಉಳೀತೈತಿ. ಕಸ ನೋಡಿ ಕೋಶ ಏನ್ ತಿಳ್ಕೊಂತೈತಿ? ವೈರಸ್ ಹೊಕ್ಕೈತಿ ಅಂತ. ಕೂಗು ಹಾಕತೈತಿ. ಅದನ್ನ ಕೇಳಿ ಬಾಜೂಕಿನ ಕೋಶಾನೂ ಕೂಗತೈತಿ. ವೈರಿ ಯಾರೂ ಬಂದಿರೂದಿಲ್ಲ, ಸುಮ್ ಸುಮ್ಮನ ದಂಡು ಎದ್ದು ತನ್ನ ಮನೀನ ಸುಡತೈತಿ. ಕೂಗು ಹೆಚ್ಚಾದಂಗ ಮತ್ತಷ್ಟು ಅಲಗು ಬೇಕಾಗ್ತಾವ. ಬರೂವು ಎಲ್ಲಾ ಮೊಂಡ."

"ಔಷಧ ಐತೇನ್ರಿ ಮೇಡಂ?"

"ಜೀನ್ ರಿಪೇರಿ ಮಾಡಾಕ ಬರೂದಿಲ್ಲ. ಆದ್ರ ಆ ಕೂಗು ಕೇಳಿಸದಂಗ ಕೋಶದ ಕಿವಿ ಮುಚ್ಚೋ ಗುಳಿಗಿ ಐತಿ. ಹಂಗ ಊಹೆ ಮ್ಯಾಲೆ ಕೊಡಾಕಾಗೂದಿಲ್ಲ, ಒಳಗ ಕ್ಷಯ ಇದ್ರ ಹುಡುಗಿ ಉಳಿಯೂದಿಲ್ಲ. ಕ್ಷಯ ಇಲ್ಲ ಅಂತ ಮತ್ತೊಮ್ಮೆ ನೋಡಿ ನಾ ತಯಾರಾಗಿರತೀನಿ. ರಿಪೋರ್ಟ್ ಬಂದ ದಿನಾನ ನನಗ ತಂದುಕೊಡು. ಒಂದ್ ದಿನಾನೂ ತಡ ಮಾಡಬ್ಯಾಡ. ಬೆರಳ ಕೀಲು ಬಿಗೀಲಿಕ್ಕೆ ಹತ್ತ್ಯಾವ."

ಇಷ್ಟು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ತಿಳಿಯದೆ ಮಾಡಿದೆ ಎಂದು ಹೇಳುವ ದಾರಿ ನನಗಿಲ್ಲ.

ಅದೇ ವರ್ಷ ದೀಪಾವಳಿಗೆ ನನ್ನ ಮತ್ತು ಎರ್ರಿ ಮಾವನ ಮದುವೆ ನಿಶ್ಚಯವಾಯಿತು. ಅಜ್ಜಿಯ ಎರಡನೇ ಹಟ ಅದು. ಆದರೆ ನನಗೆ ಅದು ಹಟವಾಗಿರಲಿಲ್ಲ. ಹದಿನಾರನೇ ವಯಸ್ಸಿನಿಂದಲೂ ಎರ್ರಿ ಮಾವ ಎಂದರೆ ನನಗೆ ಪ್ರಾಣ. ಕೊಯ್ಲು ಶುರುವಾದರೆ ಅವನು ಸಿರುಗುಪ್ಪ ತಾಲೂಕಿನಲ್ಲೇ ತಿಂಗಳುಗಟ್ಟಲೆ ಇರುತ್ತಿದ್ದ. ಊಟದ ಬಿಡುವಿನಲ್ಲಿ ಮಷೀನಿನ ನೆರಳಲ್ಲಿ ಕೂತು ಫೋನು ಮಾಡುತ್ತಿದ್ದ. ಮಾತು ಕಡಿಮೆ. "ಉಂಡ್ಯಾ? ಇವತ್ತು ಆರು ಎಕರೆ ಆತು," ಇಷ್ಟೇ. ಆ ಆರು ಎಕರೆಯ ಸುದ್ದಿ ಕೇಳಲು ನಾನು ಇಡೀ ದಿನ ಕಾಯುತ್ತಿದ್ದೆ. ಮಾಘಮಾಸದಲ್ಲಿ ಮದುವೆ ಎಂದಾಯಿತು.

ನವೆಂಬರಿನ ಕೊನೆಯ ಶನಿವಾರ ಲ್ಯಾಬಿನ ಇ-ಮೇಲಿಗೆ ರಿಪೋರ್ಟು ಬಂತು. ಮೇಡಂ ಹೆಸರು ನಮೂದಿಸಿ ನಮ್ಮ ಲ್ಯಾಬಿನಿಂದಲೇ ಕಳಿಸಿದ್ದರಿಂದ ಅದು ಬಂದದ್ದು ನನ್ನೊಬ್ಬಳ ಕಣ್ಣಿಗೆ. ಮೂರು ಪುಟ. ಮೇಡಂ ಹೇಳಿದ್ದ ಅದೇ ಜೀನು, ಮಗುವಿನ ಎರಡೂ ಪ್ರತಿಯಲ್ಲಿ ಒಂದೇ ದೋಷ. ಕೆಳಗೆ ಒಂದು ಪಟ್ಟಿ: ತಾಯಿಯಲ್ಲಿ ಒಂದು ಕೆಟ್ಟ ಪ್ರತಿ, ತಂದೆಯಲ್ಲಿ ಒಂದು ಕೆಟ್ಟ ಪ್ರತಿ. ಇಬ್ಬರಲ್ಲೂ ಅಕ್ಷರ ಅಂಕಿ ಎಲ್ಲವೂ ಒಂದೇ. ಒಂದು ಪ್ರತಿ ಕೆಟ್ಟರೆ ರೋಗ ಬರುವುದಿಲ್ಲ, ಎರಡೂ ಕೆಟ್ಟರೆ ಬರುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರು ಮುಂದಿನ ಮಗುವಿಗೆ ಮೊದಲು ಸಲಹೆ ಪಡೆಯಬೇಕು, ಕುಟುಂಬದ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು ಎಂದು ಬರೆದಿತ್ತು.

ಓದಿದ ತಕ್ಷಣ ನನಗೆ ಸಿಂಚನಾಳ ನೆನಪಾಗಲಿಲ್ಲ. ಎರ್ರಿ ಮಾವನ ನೆನಪಾಯಿತು. ಅಜ್ಜಿಯ ಕಡೆಯಿಂದ ಇಳಿದ ದೋಷ ಒಂದು ದಾರಿಯಲ್ಲಿ ಅವ್ವನ ಮೂಲಕ ಅಕ್ಕನಿಗೆ, ಇನ್ನೊಂದು ದಾರಿಯಲ್ಲಿ ಪಂಪಾಪತಿ ಮಾವನಿಗೆ ಬಂದಿದೆ. ಹಾಗಾದರೆ ಅದು ನನಗೂ ಬಂದಿರಬಹುದು, ಎರ್ರಿ ಮಾವನಿಗೂ ಬಂದಿರಬಹುದು. ಮನೆಯವರಿಗೆ ಇದು ತಿಳಿದರೆ ಮದುವೆ ಮುರಿಯುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಮರುದಿನ ಭಾನುವಾರ ರಿಪೋರ್ಟಿನ ಪ್ರಿಂಟು ಹಿಡಿದು ಕುರುಗೋಡಿಗೆ ಹೋದೆ. ಬಸ್ಸಿನಲ್ಲಿ ಕೂತಾಗಲೂ ನಿಜ ಹೇಳಬೇಕೆಂದೇ ಇದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗ ಅದನ್ನು ನಂಬುವುದಿಲ್ಲ. ನಿಜ ಹೇಳುವವಳು ಮೊದಲು ಮೇಡಂ ಹತ್ತಿರ ಹೋಗುತ್ತಿದ್ದಳು.

ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಅಜ್ಜಿ ಮದುವೆ ಸೀರೆಗಳನ್ನು ಹರವಿಕೊಂಡು ಕೂತಿದ್ದಳು. ಪಂಪಾಪತಿ ಮಾವ ಬಾಗಿಲಿಗೆ ಒರಗಿದ್ದ. ಎರ್ರಿ ಮಾವ ರಜೆ ಹಾಕಿ ಬಂದಿದ್ದ, ಕೂದಲಲ್ಲಿ ಇನ್ನೂ ಭತ್ತದ ಧೂಳಿತ್ತು. ಅಕ್ಕ ಸಿಂಚನಾಳನ್ನು ಬಿಸಿಲಿಗೆ ಕೂಡಿಸಿ ಅವಳ ಬೆರಳಿಗೆ ಎಣ್ಣೆ ಹಚ್ಚುತ್ತಿದ್ದಳು.

"ಓದಿ ಹೇಳು," ಎಂದಳು ಅಜ್ಜಿ. "ಯಾರ ಕಡಿಂದ ಬಂದೈತಿ ಇದು?"

ನಾನು ಕಾಗದ ಬಿಡಿಸಿದೆ. ಆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ.

"ಅಕ್ಕನ ಕಡಿಂದ," ಎಂದೆ.

ಎಣ್ಣೆ ಹಚ್ಚುತ್ತಿದ್ದ ಅಕ್ಕನ ಕೈ ನಿಂತಿತು. ಅಜ್ಜಿ ಸೀರೆ ಬದಿಗಿಟ್ಟಳು. "ಹಂಗಾದ್ರ ನಮ್ಮ ಗಿರಿಜಾಗ ಎಲ್ಲಿಂದ ಬಂತು? ನಿನಗೂ ಐತೇನು ಮತ್ತ?"

ಎರ್ರಿ ಮಾವ ನನ್ನ ಮುಖ ನೋಡುತ್ತಿದ್ದ. ಎರಡನೇ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

"ಅಪ್ಪನ ವಂಶದ್ದಂತ. ನಾನು ಲ್ಯಾಬಿನ್ಯಾಗ ನಂದು ನೋಡ್ಸೀನಿ. ನನಗಿಲ್ಲ."

ಅಜ್ಜಿ ಗೆದ್ದವಳಂತೆ ಕಾಲು ಚಾಚಿದಳು. "ನಾ ಮದಲs ಅಂದಿದ್ದೆ. ದೇಶನೂರಿನವರದು ಹೊಲಸು ರಕ್ತ. ನಮ್ಮ ಮನ್ಯಾಗ ಇಂಥಾದ್ದು ಯಾವತ್ತೂ ಇದ್ದಿಲ್ಲ." ಆಮೇಲೆ ಪಂಪಾಪತಿ ಮಾವನ ಕಡೆ ತಿರುಗಿ, ಮಗು ಕೇಳುವಂತೆಯೇ, "ನಿಂದೇನೂ ತಪ್ಪಿಲ್ಲಪ್ಪ. ನಿನಗಿನ್ನೂ ವಯಸ್ಸೈತಿ," ಎಂದಳು.

ಮಾವ ಏನೂ ಅನ್ನಲಿಲ್ಲ. ಹಾಗೆ ಸುಮ್ಮನಿದ್ದದ್ದೇ ಅವನ ಪಾಲಿನ ಕ್ರೌರ್ಯ. ಅಕ್ಕ ಒಂದೇ ಮಾತು ಕೇಳಿದಳು. "ಔಷಧ ಏನಂತ ಬರದಾರ ನೀಲಾ?"

"ಈಗಿನದನ್ನs ಮುಂದುವರಿಸ್ರಿ ಅಂತ," ಎಂದೆ.

ಅದು ಮೂರನೆಯದು.

ಮದುವೆ ಮನೆಯಲ್ಲಿ ಆ ಮಗುವಿನ ಮುಖ ಬಂದ ನೆಂಟರ ಕಣ್ಣಿಗೆ ಬೀಳಬಾರದೆಂದು ಅಜ್ಜಿ ವಾರದೊಳಗೆ ಅಕ್ಕನನ್ನೂ ಸಿಂಚನಾಳನ್ನೂ ದೇಶನೂರಿಗೆ ಕಳಿಸಿದಳು. ಮದುವೆ ಮುಗಿಯುವವರೆಗೆ ಎಂದಳು. ಮುಗಿದ ಮೇಲೆ ಕರೆಸುತ್ತೇನೆ ಎನ್ನಲಿಲ್ಲ. ಹದಿನೈದು ದಿನದಲ್ಲಿ ಪಂಪಾಪತಿ ಮಾವನಿಗೆ ಮೋಕಾ ಊರಿನ ಕಡೆಯ ಒಂದು ಹೆಣ್ಣು ತೋರಿಸಿದ್ದಾರೆ, ಅವನು ಹೋಗಿ ಚಹಾ ಕುಡಿದು ಬಂದಿದ್ದಾನೆ ಎಂಬ ಸುದ್ದಿ ನಮಗೆ ಮುಟ್ಟಿತು.

ದೇಶನೂರಿನ ಚಳಿ ಬಳ್ಳಾರಿಯ ಚಳಿಯಂತಲ್ಲ. ಬಳ್ಳಾರಿಯಲ್ಲಿ ಬಂಡೆಗಳು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ದೇಶನೂರಿನಲ್ಲಿ ಸುತ್ತಲೂ ನೀರು, ಕಾಲುವೆ, ಒದ್ದೆ ಮಣ್ಣು. ಬೆಳಗಿನ ಹೊತ್ತು ಗದ್ದೆಯ ಮೇಲಿನ ಮಂಜು ಮನೆಯೊಳಗೇ ಬರುತ್ತದೆ. ಸಿಂಚನಾಳ ಬೆರಳುಗಳು ಮೂರನೇ ದಿನಕ್ಕೆ ಬಾತವು. ಜ್ವರ ಏರಿತು. ನಾನು ಪ್ರತಿ ಶನಿವಾರ ಹೋಗುತ್ತಿದ್ದೆ, ಹಳೆಯ ಔಷಧಿಯ ಬಾಟಲಿಗಳನ್ನು ಕೊಂಡೊಯ್ಯುತ್ತಿದ್ದೆ. ಅಕ್ಕ ನೀರು ಕಾಯಿಸಿ ಬಟ್ಟೆ ಅದ್ದಿ ಮಗುವಿನ ಕೈಗೆ ಸುತ್ತುತ್ತಿದ್ದಳು. ಬಿಚ್ಚಿ ಮತ್ತೆ ಅದ್ದಿ ಸುತ್ತುತ್ತಿದ್ದಳು. ಬೆರಳು ನೇರ ಮಾಡಲು ಹೋದರೆ ಸಿಂಚನಾ ಕಿರುಚುತ್ತಿದ್ದಳು. ಆರು ವರ್ಷದ ಆ ಹುಡುಗಿ ಅತ್ತು ಸಾಕಾದ ಮೇಲೆ, "ಆತು ಬಿಡವ್ವ, ಹಿಂಗs ಇರಲಿ," ಎಂದು ಹೇಳುವುದನ್ನು ಕಲಿತಳು.

ಅಪ್ಪನ ಸ್ಥಿತಿ ನೋಡಲಾಗುತ್ತಿರಲಿಲ್ಲ. ಮೊಮ್ಮಗಳು ಬಂದರೆ ಹೆಗಲ ಮೇಲೆ ಕೂಡಿಸಿಕೊಂಡು ಗದ್ದೆಗೆ ಹೋಗುತ್ತಿದ್ದ ಮನುಷ್ಯ ಈಗ ಅವಳನ್ನು ಮುಟ್ಟಲೂ ಹೆದರುತ್ತಿದ್ದ. ಅವ್ವ ತಾಟು ಕುಕ್ಕಿ ಅನ್ನ ಬಡಿಸುತ್ತಾ, "ಎಲ್ಲಾ ನಿಮ್ಮ ಮನೀ ರಕ್ತದ ಪುಣ್ಯ, ತಿನ್ರಿ," ಎನ್ನುತ್ತಿದ್ದಳು. ಒಂದು ಸಂಜೆ ನಾನು ಒಳಗೆ ಬರುತ್ತಿದ್ದಾಗ ಅಪ್ಪ ಅಕ್ಕನ ಎದುರು ಕೈ ಮುಗಿದು ಕೂತಿದ್ದ. "ತಪ್ಪಾತವ್ವ ಗಿರಿಜಾ," ಎನ್ನುತ್ತಿದ್ದ. "ನನ್ನಪ್ಪಗ ಇತ್ತೋ ಮುತ್ಯಾಗ ಇತ್ತೋ, ನನಗ ಗೊತ್ತಿದ್ದಿಲ್ಲ. ಗೊತ್ತಿದ್ರ ನಾ ಲಗ್ನಾನ ಆಗ್ತಿದ್ದಿಲ್ಲ."

ಅಕ್ಕ ಅವನ ಕೈ ಬಿಡಿಸಿ, "ನಿಂದೇನೂ ಇಲ್ಲಪ್ಪ, ಏಳು," ಎಂದಳು. ಆಗ ಒಂದು ಸಲ ನನ್ನ ಕಡೆ ನೋಡಿದಳು. ನಾನು ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡೆ.

ಎರ್ರಿ ಮಾವನ ಮಷೀನು ಆಗ ದೇಶನೂರಿನ ಗದ್ದೆಗಳಲ್ಲೇ ಓಡುತ್ತಿತ್ತು. ಮಧ್ಯಾಹ್ನ ಬಿಡುವಾದಾಗ ಮನೆಗೆ ಬಂದು ಸಿಂಚನಾಳ ಹತ್ತಿರ ಕೂರುತ್ತಿದ್ದ. ಅವಳಿಗೆಂದು ಸಿರುಗುಪ್ಪದ ಸಂತೆಯಿಂದ ಉಣ್ಣೆಯ ಕೈಗವಸು ತಂದಿದ್ದ. ಬಾತ ಬೆರಳುಗಳಿಗೆ ಅವು ಹಿಡಿಸಲಿಲ್ಲ. "ಡಾಕ್ಟರಮ್ಮಗ ಫೋನ್ ಹಚ್ಚು ನೀಲಾ, ನಾ ಮಾತಾಡ್ತೀನಿ," ಎಂದ. "ಮೇಡಂ ಊರಾಗಿಲ್ಲ ಮಾವ," ಎಂದೆ. ಮದುವೆ ಮುಗಿದ ಮರುದಿನವೇ ರಿಪೋರ್ಟು ಕೊಟ್ಟುಬಿಡುತ್ತೇನೆ, ಎಂಟು ವಾರದಲ್ಲಿ ಏನಾಗಿಬಿಡುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ಲಗ್ನಪತ್ರಿಕೆಗಳ ಕಟ್ಟು ನನ್ನ ಚೀಲದಲ್ಲಿತ್ತು.

ಮೇಡಂ ಊರಲ್ಲೇ ಇದ್ದರು. ಮೂರು ಸಲ ಕೇಳಿದ್ದರು. ಮೊದಲ ಸಲ, ಇನ್ನೂ ಬಂದಿಲ್ಲ ಎಂದೆ. ಎರಡನೇ ಸಲ, ಸ್ಯಾಂಪಲ್ ಕೆಟ್ಟಿದೆಯಂತೆ, ಮತ್ತೆ ನೋಡುತ್ತಿದ್ದಾರಂತೆ ಎಂದೆ. ಮೂರನೇ ಸಲ, ಅಕ್ಕ ದೇಶನೂರಿಗೆ ಹೋಗಿದ್ದಾಳೆ, ಮಗು ಆರಾಮಾಗಿದೆ ಎಂದೆ.

ಸಂಕ್ರಾಂತಿ ಕಳೆದ ಮರುವಾರ ಮೇಡಂ ನನ್ನನ್ನು ಕ್ಲಿನಿಕ್ಕಿಗೆ ಕರೆಸಿದರು. ಹೊರಗೆ ಹತ್ತಾರು ಜನ ಮಕ್ಕಳನ್ನು ಎತ್ತಿಕೊಂಡು ಕಾಯುತ್ತಿದ್ದರು. ಮೇಡಂ ಎದ್ದು ಬಾಗಿಲು ಹಾಕಿ ಬಂದು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೆಂಗಳೂರಿಗೆ ತಾವೇ ಫೋನು ಮಾಡಿ ರಿಪೋರ್ಟು ತರಿಸಿಕೊಂಡಿದ್ದರು. ಕಳಿಸಿದ ತಾರೀಖು ಮೇಲೇ ಇತ್ತು.

"ಇದನ್ನ ಯಾರು ತಗದು ನೋಡ್ಯಾರ?" ಎಂದು ಕೇಳಿದರು.

"ನಾನು, ಮೇಡಂ."

"ಯಾಕ?"

ನನಗೆ ಮದುವೆಯಿದೆ ಎಂದು ಹೇಳಲು ಬಾಯಿ ತೆರೆದೆ. ಆ ಕೋಣೆಯಲ್ಲಿ ಆ ಮಾತಿಗೆ ಅರ್ಥವೇ ಇರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಅಳಲು ಆಗುತ್ತಿತ್ತು. "ನಾಳೆ ಎಲ್ಲಾರನ್ನೂ ಕರ್ಕೊಂಡ್ ಬಾ. ನಿಮ್ಮಜ್ಜಿನೂ ಬರ್ಲಿ. ನಾನs ಓದಿ ಹೇಳ್ತೀನಿ," ಎಂದರು.

ಮರುದಿನ ಕ್ಲಿನಿಕ್ಕಿನ ಆ ಸಣ್ಣ ಕೋಣೆಯಲ್ಲಿ ನಾವೆಲ್ಲ ಇದ್ದೆವು. ಅಕ್ಕನ ತೊಡೆಯ ಮೇಲೆ ಸಿಂಚನಾ, ಕಂಬಳಿಯೊಳಗೆ. ಮೇಡಂ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಇದು ಅಜ್ಜ ಅಜ್ಜಿ, ಇದು ಮಗಳು, ಇದು ಮಗ, ಇದು ಮೊಮ್ಮಗಳು. ಒಂದೇ ಕೆಟ್ಟ ಜೀನು ಎರಡು ದಾರಿಯಿಂದ ಇಳಿದು ಇಲ್ಲಿ ಕೂಡಿದೆ. ದೇಶನೂರಿನ ಮನೆಗೂ ಇದಕ್ಕೂ ಸಂಬಂಧವಿಲ್ಲ. ತಂದೆಯ ಪಾಲು ಅರ್ಧ, ತಾಯಿಯ ಪಾಲು ಅರ್ಧ. ತಪ್ಪು ಯಾರದೂ ಅಲ್ಲ.

ಅಜ್ಜಿ ಗೆರೆಗಳನ್ನು ಬಹಳ ಹೊತ್ತು ನೋಡಿ, "ಹಂಗಾದ್ರ ಸತ್ತೋನ ಕಡಿಂದ ಬಂದಿರತೈತಿ. ಅವನ ಮನ್ಯಾಗ ಎಲ್ಲಾರೂ ರೋಗಿಷ್ಟರು," ಎಂದಳು. ಮೂವತ್ತು ವರ್ಷದ ಹಿಂದೆ ತೀರಿಕೊಂಡ ಗಂಡನ ಮೇಲೆ ಹಾಕಿ ಕೈ ತೊಳೆದುಕೊಂಡಳು. ತನ್ನ ರಕ್ತ ಕೊಡಲು ಕೊನೆಗೂ ಒಪ್ಪಲಿಲ್ಲ.

ಅಪ್ಪ ಮಾತ್ರ ನನ್ನ ಕಡೆ ತಿರುಗಿ, "ಮತ್ತ ಯಾಕ ಹಂಗ ಹೇಳಿದ್ಯವ್ವ?" ಎಂದು ಕೇಳಿದ. ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. ಆಮೇಲೆ ಎದ್ದು ಹೋಗಿ ಅಕ್ಕನ ತೊಡೆಯಿಂದ ಸಿಂಚನಾಳನ್ನು ಎತ್ತಿಕೊಂಡ. ಎರಡು ತಿಂಗಳ ಮೇಲೆ ಮುಟ್ಟಿದ್ದ. ಹೊರಗೆ ಬಿಸಿಲಿಗೆ ಒಯ್ದ.

ಮೇಡಂ ಗುಳಿಗೆಯ ಚೀಟಿ ಬರೆದು ಅಕ್ಕನ ಕೈಗೆ ಕೊಟ್ಟರು. "ಎರಡು ತಿಂಗಳ ಹಿಂದ ಶುರು ಆಗಬೇಕಿತ್ತು. ಈಗರ ತಪ್ಪಿಸಬ್ಯಾಡ್ರಿ," ಎಂದರು.

ಅಕ್ಕ ಚೀಟಿಯಿಂದ ಕಣ್ಣು ಕಿತ್ತು ನನ್ನನ್ನು ನೋಡಿದಳು. "ಔಷಧ ಇತ್ತಾ?" ಎಂದಳು.

ನಾನು ಸುಳ್ಳು ಓದಿದ್ದು ಅಕ್ಕನಿಗೆ ಎರಡನೇ ವಾರವೇ ತಿಳಿದಿತ್ತು, ಅದು ನನಗೆ ಗೊತ್ತಾದದ್ದು ಅಂದು. ನಾನು ಕುರುಗೋಡಿನಲ್ಲಿ ಬಿಟ್ಟುಬಂದ ಹಾಳೆಗಳನ್ನು ಟ್ರಂಕಿನಲ್ಲಿಟ್ಟುಕೊಂಡು ದೇಶನೂರಿಗೆ ತಂದಿದ್ದಳು. ಎಸ್ಸೆಸ್ಸೆಲ್ಸಿ ಓದಿದವಳು. ಇಂಗ್ಲಿಷಿನ ಉದ್ದ ವಾಕ್ಯ ಅರ್ಥವಾಗದಿದ್ದರೂ ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಇರುವ ಅಕ್ಷರಗಳೇ ಗಂಡನ ಹೆಸರಿನ ಮುಂದೆಯೂ ಇರುವುದು ಅವಳಿಗೆ ಕಂಡಿತ್ತು. ಕಂಡರೂ ಸುಮ್ಮನಿದ್ದಳು.

"ನನ್ನ ಹೆಸರು ಕೆಡಿಸಿದಿ, ಕೆಡಿಸು ಅಂದೆ," ಎಂದಳು ಅಂದು, ಎಲ್ಲರ ಎದುರಿಗೆ, ದನಿ ಏರಿಸದೆ. "ನಿನ್ನ ಲಗ್ನ ಆಗಲಿ ಅಂತ ನುಂಗಿಕೊಂಡೆ. ಅಪ್ಪ ಕೈ ಮುಗದಾಗೂ ನುಂಗಿಕೊಂಡೆ. ಇವತ್ತು ಹೇಳ್ತಾಳ, ನಾಳೆ ಹೇಳ್ತಾಳ ಅಂತ ದಿನಾ ನಿನ್ನ ಬಾಯಿ ನೋಡ್ತಿದ್ದೆ. ಔಷಧದ ಸುದ್ದಿ ನನಗ ಗೊತ್ತಿದ್ದಿಲ್ಲ ನೀಲಾ. ಅದು ಗೊತ್ತಿದ್ರ ಅವತ್ತs ನಿನ್ನ ಕೂದಲ ಹಿಡಿದು ಇಲ್ಲಿಗೆ ಎಳಕೊಂಡ್ ಬರ್ತಿದ್ದೆ."

ಎರ್ರಿ ಮಾವ ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ. ಮೇಡಂ ಅವನ ಕಡೆ ನೋಡಿ, "ನೀವಿಬ್ಬರೂ ರಕ್ತ ಕೊಡ್ರಿ. ಇಬ್ಬರಲ್ಲಿ ಒಬ್ಬರಿಗೆ ಇಲ್ಲ ಅಂದ್ರೂ ನಿಮ್ಮ ಮಕ್ಕಳಿಗೆ ಈ ರೋಗ ಬರೂದಿಲ್ಲ, ಲಗ್ನಕ್ಕ ಏನೂ ಅಡ್ಡಿಯಿಲ್ಲ," ಎಂದರು.

"ನಂದು ಬ್ಯಾಡ್ರಿ ಮೇಡಂ," ಎಂದ ಮಾವ. "ನನಗ ತಿಳೀಬೇಕಾದದ್ದು ತಿಳೀತು." ನನ್ನ ಕಡೆ ನೋಡದೆ ಹೊರಗೆ ಹೋದ. ಮುಂದಿನ ವರ್ಷ ಬೇರೆ ಕಡೆ ಮದುವೆಯಾದ. ಎದುರಿಗೆ ಸಿಕ್ಕರೆ ಮಾತಾಡಿಸುತ್ತಾನೆ, ಅಪರಿಚಿತರಿಗೆ ದಾರಿ ಹೇಳುವ ಹಾಗೆ.

ನಾನು ರಕ್ತ ಕೊಟ್ಟೆ. ಒಂದು ತಿಂಗಳಿಗೆ ಫಲಿತಾಂಶ ಬಂತು. ನನ್ನಲ್ಲಿ ಆ ಜೀನು ಇರಲಿಲ್ಲ. ಎರಡೂ ಪ್ರತಿ ಸರಿಯಾಗಿದ್ದವು. ಕುರುಗೋಡಿನ ಪಡಸಾಲೆಯಲ್ಲಿ ನಾನು ಹೇಳಿದ್ದ ಸುಳ್ಳು ಅಷ್ಟರಮಟ್ಟಿಗೆ ನಿಜವಾಗಿತ್ತು. ಆ ಶನಿವಾರ ರಿಪೋರ್ಟನ್ನು ನೇರ ಮೇಡಂ ಕೈಗೆ ಕೊಟ್ಟು ನನ್ನ ಒಂದು ಚಮಚ ರಕ್ತ ಕೊಟ್ಟಿದ್ದರೆ ಸಿಂಚನಾಳಿಗೆ ಔಷಧಿಯೂ ಸಿಗುತ್ತಿತ್ತು, ನನ್ನ ಮದುವೆಯೂ ಆಗುತ್ತಿತ್ತು. ಆ ಹಾಳೆಯನ್ನು ಹಿಡಿದುಕೊಂಡು ನಾನು ಲ್ಯಾಬಿನ ಮೆಟ್ಟಿಲ ಮೇಲೆ ನಕ್ಕೆ. ಮೇಲಿಂದ ಇಳಿದು ಬರುತ್ತಿದ್ದವರು ಗಾಬರಿಯಾಗಿ ನಿಂತು ನೋಡಿದರು.

ಗುಳಿಗೆ ಶುರುವಾಗಿ ಹತ್ತನೇ ದಿನಕ್ಕೆ ಸಿಂಚನಾಳ ಜ್ವರ ಬಿಟ್ಟಿತು. ಮೂರನೇ ವಾರಕ್ಕೆ ಗಂಟುಗಳು ಕರಗಿದವು. ಹುಟ್ಟಿದಾಗಿನಿಂದ ಅವಳೊಳಗೆ ಎದ್ದಿದ್ದ ಕೂಗು ಒಂದು ಸಣ್ಣ ಗುಳಿಗೆಗೆ ಅಡಗಿತು. ಅಷ್ಟು ಬೇಗ ಗುಣವಾದದ್ದನ್ನು ನೋಡುವುದೇ ನನಗೆ ಶಿಕ್ಷೆಯಾಯಿತು. ಎಡಗೈ ಬೆರಳುಗಳು ನಿಧಾನಕ್ಕೆ ನೇರವಾದವು. ಬಲಗೈಯ ಉಂಗುರದ ಬೆರಳು, ಕಿರುಬೆರಳು ನೇರವಾಗಲಿಲ್ಲ. ಒಂದು ದಿನ ಧೈರ್ಯ ಮಾಡಿ ಮೇಡಂ ಅವರನ್ನು ಕೇಳಿದೆ. "ನವೆಂಬರಿನ್ಯಾಗ ಕೊಟ್ಟಿದ್ರ ಆ ಎರಡು ಬೆರಳು ಉಳೀತಿದ್ವೇನ್ರಿ?"

ಅವರು ಬರೆಯುತ್ತಿದ್ದ ಪೆನ್ನು ಎತ್ತಲಿಲ್ಲ. "ಅದಕ್ಕ ನಾ ಉತ್ತರ ಕೊಡೂದಿಲ್ಲ. ಹೌದಂದ್ರ ನೀ ಸಾಯ್ತಿ, ಇಲ್ಲಂದ್ರ ಆರಾಮಾಗಿ ನಿದ್ದಿ ಮಾಡ್ತಿ. ಎರಡೂ ಬ್ಯಾಡ," ಎಂದರು.

ಪಂಪಾಪತಿ ಮಾವ ದೇಶನೂರಿಗೆ ಬಂದು ಅಕ್ಕನನ್ನು ಕರೆದ. ಮೂರು ಸಲ ಬರಿಗೈಯಲ್ಲಿ ಹೋದ. ನಾಲ್ಕನೇ ಸಲ ಅಕ್ಕ, "ಕುರುಗೋಡಿಗೆ ಬರೂದಿಲ್ಲ. ಡಾಕ್ಟರ ಹತ್ರ ಬಳ್ಳಾರ್ಯಾಗ ಮನಿ ಮಾಡು, ಮಗಳ ಸಲುವಾಗಿ ಬರ್ತೀನಿ," ಎಂದಳು. ಈಗ ಅವರು ಪಾರ್ವತಿನಗರದಲ್ಲಿದ್ದಾರೆ. ಬೇರೆ ಮಗು ಬೇಡ ಎಂದು ಇಬ್ಬರೂ ತೀರ್ಮಾನಿಸಿದ್ದಾರೆ. ನಾನು ಆ ಲ್ಯಾಬು ಬಿಟ್ಟು ಇನ್ನೊಂದು ಕಡೆ ಸೇರಿದೆ. ಯಾರೂ ನನ್ನ ಮೇಲೆ ದೂರು ಕೊಡಲಿಲ್ಲ. ಕೊಡಬಹುದಿತ್ತು.

ಅಕ್ಕ ನನ್ನನ್ನು ಕ್ಷಮಿಸಿಲ್ಲ. ಹಬ್ಬಕ್ಕೆ ಕರೆಯುವುದಿಲ್ಲ. ಆದರೆ ಸಿಂಚನಾಳಿಗೆ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಯಾಗುತ್ತದೆ. ರಿಪೋರ್ಟು ಬಂದ ದಿನ ಫೋನು ಮಾಡಿ, "ಬಂದು ಓದಿ ಹೇಳು," ಎನ್ನುತ್ತಾಳೆ. ಅದಷ್ಟೇ ನಮ್ಮಿಬ್ಬರ ನಡುವೆ ಉಳಿದಿರುವುದು. ಹೋಗುತ್ತೇನೆ. ಕುರ್ಚಿ ಹಾಕುತ್ತಾಳೆ, ನೀರು ಕೊಡುತ್ತಾಳೆ, ಕಾಗದ ಕೊಡುತ್ತಾಳೆ. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತೇನೆ. ಮುಗಿದ ಮೇಲೆ ಅಕ್ಕ ಕಾಗದ ತೆಗೆದುಕೊಂಡು ಮಗಳಿಗೆ ಕೊಡುತ್ತಾಳೆ.

ಸಿಂಚನಾಳಿಗೆ ಈಗ ಹತ್ತು ವರ್ಷ. ಇಂಗ್ಲಿಷ್ ಮೀಡಿಯಂ ಸಾಲೆಗೆ ಹೋಗುತ್ತಾಳೆ. ಕೆನ್ನೆ ಪೂರ್ತಿ ತುಂಬಿಲ್ಲ, ಆದರೆ ಮುಖದಲ್ಲಿ ನಗು ಬಂದಿದೆ. ಆ ಚಳಿಗಾಲದಲ್ಲಿ ಬೆರಳು ನೋಯುತ್ತಿದ್ದದ್ದು ನೆನಪಿದೆಯಂತೆ, ಯಾಕೆ ಎಂದು ಅವಳಿಗೆ ಯಾರೂ ಹೇಳಿಲ್ಲ. ಹೋದ ವಾರವೂ ಹಾಳೆಯನ್ನು ಮೇಜಿನ ಮೇಲೆ ಹರಡಿ, ಸೊಟ್ಟ ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತಾ ನಾನು ಹೇಳಿದ ಒಂದೊಂದು ಅಂಕಿಯನ್ನೂ ತಾಳೆ ನೋಡಿದಳು.

"ಎಲ್ಲಾ ಸರಿ ಓದ್ಯಾಳವ್ವ ಚಿಗವ್ವ," ಎಂದು ನನ್ನನ್ನು ತೋರಿಸಿ ತನ್ನ ಅವ್ವನಿಗೆ ಹೇಳಿದಳು. ಆಮೇಲೆ ಕುತೂಹಲದಿಂದ ಕೇಳಿದಳು. "ಪ್ರತಿ ಸಲ ನಾನ್ಯಾಕ ನೋಡಬೇಕು? ಚಿಗವ್ವಗ ಇಂಗ್ಲಿಷ್ ಬರೂದಿಲ್ಲೇನು?"

"ಬರತೈತಿ," ಎಂದಳು ಅಕ್ಕ.